ಟೊಮೆಟೊ–ಪಕ್ಕೆಲುಬು ಸೂಪ್: ಎಲ್ಲಿ ಕೆಟ್ಟಿತು ಅಂತ ಹುಡುಕುವ ಬಗೆ

ಒಂದು ಗಂಟೆಗಿಂತ ಜಾಸ್ತಿ ಕುದಿದ ಸೂಪ್. ಸೌಟಿನಲ್ಲಿ ಒಂದು ಆಲೂಗಡ್ಡೆ ಹೋಳು ಎತ್ತಿ ನೋಡಿದೆ. ಅಂಚು ಆಗಷ್ಟೇ ಚಾಕುವಿನಿಂದ ಹೆಚ್ಚಿದ ಹಾಗೆ ಚೂಪಾಗಿತ್ತು. ಚಮಚದಿಂದ ಒತ್ತಿದರೆ ಪಕ್ಕಕ್ಕೆ ಜಾರಿತೇ ಹೊರತು ಮುರಿಯಲಿಲ್ಲ. ಒಳಗೆ ಬೆಂದಿತ್ತು, ಹೊರಗೆ ಮಾತ್ರ ಒಂದು ಗಟ್ಟಿ ಪದರ. ಮಾಂಸ ನಾರುನಾರು. ರಸ ಹುಳಿ, ಆದರೆ ರುಚಿ ಇಲ್ಲ.

ಹಾಂಗ್‌ಕಾಂಗ್‌ನಿಂದ ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಮೊದಲ ಸಲ ಮಾಡಿದ ಸೂಪ್ ಇದು. ಅಲ್ಲಿ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಎಲ್ಲರ ಹಾಗೆ ನಾನೂ ಅವರನ್ನು ಪೋಪೋ ಅಂತಲೇ ಕರೆಯುತ್ತಿದ್ದೆ. ಟೊಮೆಟೊ, ಆಲೂಗಡ್ಡೆ, ಹಂದಿಯ ಪಕ್ಕೆಲುಬು ಹಾಕಿ ಮಾಡುವ ಈ ಸೂಪ್ ಅಲ್ಲಿ ಮನೆಮನೆಯ ಅಡುಗೆ, ನಮ್ಮಲ್ಲಿ ತಿಳಿಸಾರು ಇದ್ದ ಹಾಗೆ. ಪೋಪೋ ಮಾಡುವಾಗ ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೆ. ಸಾಮಾನು, ಅಳತೆ ಎಲ್ಲ ಬರೆದುಕೊಂಡಿದ್ದೆ. ಯಾವುದರ ನಂತರ ಯಾವುದು ಅನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಆ ದಿನ ವಿರಾಜಪೇಟೆಯಿಂದ ಅವ್ವ ಬಂದಿದ್ದರು. ಒಂದು ಗುಟುಕು ಕುಡಿದು ಕೇಳಿದರು: "ಟೊಮೆಟೊ ಯಾವಾಗ ಹಾಕಿದೆ?"

"ಎಲ್ಲ ಒಟ್ಟಿಗೇ ಹಾಕಿದೆ ಅವ್ವ."

"ಪಂದಿ ಕರಿಗೆ ಕಾಚಂಪುಳಿ ಯಾವಾಗ ಹಾಕ್ತೀವಿ?"

ಕೊನೆಗೆ. ಮಾಂಸ ಬೆಂದ ಮೇಲೆಯೇ ಹಂದಿ ಕರಿಗೆ ಆ ಕಪ್ಪು ಹುಳಿ ಬೀಳುವುದು. ಕೊಡಗಿನ ಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಟೊಮೆಟೊ ಕೂಡ ಹುಳಿಯೇ ಅಂತ ನನಗೆ ಹೊಳೆದಿರಲಿಲ್ಲ, ಅಷ್ಟೆ. ಆಮೇಲೆ ಈ ಸೂಪನ್ನು ಬೇಕೆಂದೇ ಬೇರೆ ಬೇರೆ ಥರ ಮಾಡಿ ನೋಡಿದ್ದೇನೆ. ಕೆಟ್ಟ ಸೂಪ್‌ಗಳಲ್ಲಿ ಹೆಚ್ಚಿನವು ಸಾಮಾನಿನಿಂದ ಕೆಟ್ಟಿರಲಿಲ್ಲ, ಸರದಿಯಿಂದ ಕೆಟ್ಟಿದ್ದವು. ಅದಕ್ಕೇ ಕೆಳಗಿನ ಯಾವ ತೊಂದರೆ ಬಂದರೂ ಮೊದಲು ನೆನಪು ಮಾಡಿಕೊಳ್ಳಬೇಕಾದದ್ದು ಒಂದೇ: ಯಾವಾಗ ಏನು ಹಾಕಿದಿರಿ?

ಸರಿಯಾದ ಸರದಿ

ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ. ನಾಲ್ಕು ಜನಕ್ಕೆ ಅರ್ಧ ಕೆಜಿ ಪಕ್ಕೆಲುಬು, ಅರ್ಧ ಕೆಜಿ ಟೊಮೆಟೊ, 2 ಆಲೂಗಡ್ಡೆ, 1 ಈರುಳ್ಳಿ, 4 ಬಿಲ್ಲೆ ಶುಂಠಿ, ಒಂದೂವರೆ ಲೀಟರ್ ನೀರು.

ಪಕ್ಕೆಲುಬನ್ನು ತಣ್ಣೀರಿನಲ್ಲಿ ಹಾಕಿ ಕುದಿ ಬರಿಸಿ. 5 ನಿಮಿಷ ಬಿಟ್ಟು ಆ ನೀರು ಚೆಲ್ಲಿ. ತುಂಡುಗಳನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಬೇರೆ ಬಿಸಿನೀರಿಗೆ ಶುಂಠಿ ಜೊತೆ ಹಾಕಿ ಸಣ್ಣ ಉರಿಯಲ್ಲಿ 50 ನಿಮಿಷ. ಆಮೇಲೆ ಆಲೂಗಡ್ಡೆ, 15 ನಿಮಿಷ. ಅಷ್ಟರಲ್ಲಿ ಬಾಣಲೆಯಲ್ಲಿ ಈರುಳ್ಳಿ, ಮುಕ್ಕಾಲು ಪಾಲು ಟೊಮೆಟೊ ಹುರಿದುಕೊಂಡು ಸೂಪ್‌ಗೆ ಸೇರಿಸಿ, 15 ನಿಮಿಷ. ಉಳಿದ ಕಾಲು ಪಾಲು ಟೊಮೆಟೊವನ್ನು ದೊಡ್ಡ ಹೋಳು ಮಾಡಿ ಹಸಿಯಾಗಿಯೇ ಹಾಕಿ, ಇನ್ನು 5 ನಿಮಿಷ. ಉಪ್ಪು ಎಲ್ಲಕ್ಕಿಂತ ಕೊನೆಗೆ.

ಹೀಗೆ ಮಾಡಿದ ಸೂಪ್‌ನ ಮೇಲೆ ಕಿತ್ತಳೆ ಬಣ್ಣದ ಎಣ್ಣೆಯ ಹನಿಗಳು ತೇಲುತ್ತಿರುತ್ತವೆ. ಮೊದಲ ಗುಟುಕಿಗೆ ಮಾಂಸದ ಸಿಹಿ, ಆಮೇಲೆ ಹುಳಿ. ಈ ಕ್ರಮದಲ್ಲೇ ಬರಬೇಕು. ಹುಳಿ ಮೊದಲು ಬಂದರೆ ಏನೋ ತಪ್ಪಿದೆ.

ಆಲೂಗಡ್ಡೆ ಬೇಯುತ್ತಲೇ ಇಲ್ಲ

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಉತ್ತರ ಯಾವತ್ತೋ ಇದೆ. ತೊಗರಿಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಬೇಳೆ ಗಟ್ಟಿಯಾಗೇ ಉಳಿಯುತ್ತದೆ. ಆಲೂಗಡ್ಡೆಗೂ ಅದೇ ಕತೆ. ತರಕಾರಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟು. ಬಿಸಿನೀರಿನಲ್ಲಿ ಅದು ಸಡಿಲವಾದರೆ ಮಾತ್ರ ಹೋಳು ಮೆತ್ತಗಾಗುತ್ತದೆ. ಹುಳಿ ಇದ್ದರೆ ಆ ಅಂಟು ಬಿಡುವುದಿಲ್ಲ. ಅದರಲ್ಲೂ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ರ ಹತ್ತಿರ ಅದು ಬಲವಾಗಿ ಹಿಡಿದುಕೊಳ್ಳುತ್ತದೆ. ಟೊಮೆಟೊ ರಸದ ಪಿಎಚ್ ಸಾಮಾನ್ಯವಾಗಿ 4.2ರಿಂದ 4.6. ಸೂಪ್‌ನಲ್ಲಿ ನೀರು ಸೇರಿ ಹುಳಿ ಸ್ವಲ್ಪ ತಗ್ಗಿದರೂ ಆಲೂಗಡ್ಡೆಗೆ ತೊಂದರೆ ಕೊಡುವಷ್ಟು ಉಳಿದೇ ಇರುತ್ತದೆ.

ಸರದಿ ಸರಿ ಇದ್ದೂ ಬೇಯದಿದ್ದರೆ ನೀರನ್ನು ನೋಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರೇ ಬರುತ್ತದೆ, ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಕೂಡ ಪೆಕ್ಟಿನ್‌ನ ಹಿಡಿತ ಗಟ್ಟಿ ಮಾಡುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಕಲೆ ಕಟ್ಟುತ್ತಿದ್ದರೆ ನಿಮ್ಮದೂ ಅದೇ ನೀರು. ಸೂಪ್‌ಗೆ ಆರ್‌ಒ ಫಿಲ್ಟರ್‌ನ ನೀರು ಬಳಸಿ ನೋಡಿ. ನನ್ನ ಮೊದಲ ಸೂಪ್‌ನಲ್ಲಿ ಎರಡೂ ಸೇರಿದ್ದವು: ಮೊದಲೇ ಬಿದ್ದ ಹುಳಿ, ಜೊತೆಗೆ ಗಡಸು ನೀರು.

ಈಗಾಗಲೇ ಕೆಟ್ಟಿದ್ದರೆ? ಗಟ್ಟಿ ಹೋಳುಗಳನ್ನು ಎತ್ತಿ ಬೇರೆ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಸೂಪ್‌ಗೆ ವಾಪಸ್ ಹಾಕಿ. ಸೂಪನ್ನೇ ಇನ್ನೂ ಅರ್ಧ ಗಂಟೆ ಕುದಿಸಲು ಹೋಗಬೇಡಿ. ಆಲೂಗಡ್ಡೆಯನ್ನು ಕಾಯುತ್ತಾ ಮಾಂಸವನ್ನು ಕಳೆದುಕೊಳ್ಳುತ್ತೀರಿ. ಅಡಿಗೆ ಸೋಡಾವಂತೂ ಬೇಡವೇ ಬೇಡ. ಹುಳಿ ಇದ್ದ ಕಡೆ ಅದು ಬುಸ್ಸೆಂದು ನೊರೆ ಉಕ್ಕಿಸುತ್ತದೆ. ಆಮೇಲೆ ಟೊಮೆಟೊದ ರುಚಿ ಸತ್ತು ಸೋಪಿನ ಹಾಗೆ ಏನೋ ಒಂದು ನಾಲಿಗೆಯಲ್ಲಿ ಉಳಿಯುತ್ತದೆ.

ರಸ ಮಸುಕಾಗಿದೆ, ವಾಸನೆ ಬರುತ್ತಿದೆ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ. ಎರಡರ ಬೇರೂ ಮೊದಲ 10 ನಿಮಿಷದಲ್ಲಿ ಇರುತ್ತದೆ.

ಪಕ್ಕೆಲುಬನ್ನು ತಣ್ಣೀರಿನಲ್ಲಿ ಹಾಕಿ ಒಲೆಯ ಮೇಲಿಟ್ಟು ಸುಮ್ನೆ ನೋಡುತ್ತಾ ನಿಲ್ಲಿ. ಮೊದಲು ನೀರು ತಿಳಿ ಗುಲಾಬಿ ಆಗುತ್ತದೆ. ಬಿಸಿ ಏರಿದ ಹಾಗೆ ಗುಲಾಬಿ ಹೋಗಿ ಬೂದು. ಕುದಿಗೆ ಸ್ವಲ್ಪ ಮೊದಲು ಪಾತ್ರೆಯ ಅಂಚಿನಿಂದ ಬೂದುಕಂದು ನೊರೆ ಶುರುವಾಗಿ ನಡುವಿಗೆ ಬಂದು ಕೂಡಿಕೊಳ್ಳುತ್ತದೆ. ಹೆಚ್ಚಿನವರು ಇದನ್ನು ರಕ್ತ ಅಂದುಕೊಳ್ಳುತ್ತಾರೆ. ಇದರಲ್ಲಿ ಬಹುಪಾಲು ಮಾಂಸದ ರಸದಲ್ಲಿ ಕರಗಿದ್ದ ಪ್ರೋಟೀನು, ಬಿಸಿಗೆ ಹೆಪ್ಪುಗಟ್ಟಿ ಮೇಲೆ ಬಂದಿರುತ್ತದೆ. ತಣ್ಣೀರಿನಿಂದ ಶುರು ಮಾಡಿದರೆ ಅದು ನಿಧಾನವಾಗಿ ಹೊರಬಂದು ದೊಡ್ಡ ಗುಂಪಾಗಿ ಕಟ್ಟಿಕೊಳ್ಳುತ್ತದೆ, ಚೆಲ್ಲುವುದು ಸುಲಭ. ಕುದಿವ ನೀರಿಗೆ ಹಸಿ ಮಾಂಸ ಹಾಕಿದರೆ ಸಣ್ಣ ಸಣ್ಣ ಚೂರಾಗಿ ರಸದಲ್ಲೇ ಉಳಿದುಬಿಡುತ್ತದೆ. ಕ್ಯಾಂಟೊನೀಸ್ ಭಾಷೆಯಲ್ಲಿ ಈ ಮೊದಲ ಕುದಿಗೆ 'ಫೇ ಸೋಯ್' ಅನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಹೇಳಿದರೆ 'ಹಾರುವ ನೀರು'. ಪೋಪೋ ಆ ಹೊತ್ತಿನಲ್ಲಿ ಮುಚ್ಚಳ ಮುಚ್ಚಲು ಬಿಡುತ್ತಿರಲಿಲ್ಲ, ವಾಸನೆ ಹಬೆಯ ಜೊತೆ ಹೋಗಲಿ ಅಂತ. ನೀರು ಚೆಲ್ಲಿದ ಮೇಲೆ ಒಂದೊಂದು ತುಂಡನ್ನೂ ಬೆರಳಿನಿಂದ ಉಜ್ಜಿ ತೊಳೆಯುತ್ತಿದ್ದರು. ಕತ್ತಿಯಿಂದ ಕಡಿದ ಮೂಳೆಯ ಪುಡಿ ಕಡಿದ ಜಾಗದಲ್ಲೇ ಅಂಟಿಕೊಂಡಿರುತ್ತದೆ. ಸೂಪ್ ಬಟ್ಟಲಿನ ತಳದಲ್ಲಿ ಮರಳಿನ ಹಾಗೆ ಸಿಗುವುದು ಅದೇ.

ಮೊದಲ ಕುದಿ ಸರಿಯಾಗಿ ಮಾಡಿಯೂ ರಸ ಮಸುಕಾದರೆ ಉರಿ ಜಾಸ್ತಿ ಆಗಿದೆ. ಕೊತಕೊತ ಕುದಿಸಿದರೆ ಕೊಬ್ಬು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಯುತ್ತದೆ, ರಸ ಹಾಲಿನ ಹಾಗೆ ಆಗುತ್ತದೆ. ಚೀನಾದಲ್ಲಿ ಕೆಲವು ಮೀನಿನ ಸೂಪ್‌ಗಳಿಗೆ ಬೇಕೆಂದೇ ಹಾಗೆ ಮಾಡುತ್ತಾರೆ. ಇಲ್ಲಿ ಬೇಡ. ಹಾಲಿನ ಬಿಳಿ, ಟೊಮೆಟೊದ ಕೆಂಪು ಸೇರಿ ಮಂಕು ಗುಲಾಬಿ ಆಗುತ್ತದೆ. ನೀರಿನ ಮೇಲ್ಮೈ ಒಂದೆರಡು ಕಡೆ ಮಾತ್ರ ಪುಳಪುಳ ಅನ್ನುತ್ತಿದ್ದರೆ ಉರಿ ಸರಿ ಇದೆ.

ಇನ್ನು ವಾಸನೆ. ನೊರೆ ತೆಗೆದು, ತೊಳೆದು, ಶುಂಠಿ ಹಾಕಿದ ಮೇಲೂ ಮೂತ್ರದಂಥ ಅಥವಾ ಕೊಟ್ಟಿಗೆಯಂಥ ನಾತ ಬರುತ್ತಿದ್ದರೆ ತಪ್ಪು ನಿಮ್ಮ ಕೈಯದಲ್ಲ. ಬೀಜ ಒಡೆಯದ, ಬಲಿತ ಗಂಡು ಹಂದಿಯ ಕೊಬ್ಬಿನಲ್ಲಿ ಆಂಡ್ರೊಸ್ಟಿನೋನ್, ಸ್ಕೆಟೋಲ್ ಅನ್ನುವ ಎರಡು ವಸ್ತುಗಳು ಸೇರಿಕೊಂಡಿರುತ್ತವೆ. ಬಿಸಿ ತಾಗಿದರೆ ನಾತ ಹೊರಬರುತ್ತದೆ. ಹಸಿ ಮಾಂಸ ಮೂಸಿ ನೋಡಿದರೆ ಗೊತ್ತಾಗುವುದು ಕಷ್ಟ. ಹೊಸ ಅಂಗಡಿಯಿಂದ ತಂದ ದಿನ ನಾನು ಒಂದು ಬೆರಳಿನಷ್ಟು ಕೊಬ್ಬು ಕತ್ತರಿಸಿ, ಚಿಕ್ಕ ಪಾತ್ರೆಯಲ್ಲಿ ಮುಚ್ಚಿ ಕುದಿಸಿ, ಮುಚ್ಚಳ ತೆರೆದ ತಕ್ಷಣ ಹಬೆ ಮೂಸಿ ನೋಡುತ್ತೇನೆ. ಎರಡು ನಿಮಿಷದ ಕೆಲಸ. ನಾತ ಬಂದರೆ ಆ ಮಾಂಸ ಸೂಪ್‌ಗೆ ಆಗುವುದಿಲ್ಲ. ಕೊಬ್ಬು ಪೂರ್ತಿ ತೆಗೆದು, ಮಸಾಲೆ ಕಪ್ಪಗೆ ಹುರಿದು ಕರಿ ಮಾಡಿ.

ಅಂಗಡಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಂದಿಮಾಂಸವನ್ನು ಚರ್ಮ, ಕೊಬ್ಬು, ಮೂಳೆ ಎಲ್ಲ ಸೇರಿಸಿ ತುಂಡು ಮಾಡಿ ಕೊಡುವುದೇ ಜಾಸ್ತಿ. ಪಂದಿ ಕರಿಗೆ ಅದೇ ಬೇಕು. ಸೂಪ್‌ಗೆ ಕೇಳುವಾಗ "ಪಕ್ಕೆಲುಬು ಮಾತ್ರ ಕೊಡಿ, ಚರ್ಮ ಬೇಡ, ಎರಡಿಂಚು ತುಂಡು" ಅಂತ ಬಿಡಿಸಿ ಹೇಳಿ. ಚರ್ಮ ಇದ್ದರೆ ಕೂದಲು ಸುಟ್ಟ ಕಮಟು ರಸಕ್ಕೆ ಇಳಿಯುತ್ತದೆ.

ಕೆಂಪು ಬರಲಿಲ್ಲ

ಟೊಮೆಟೊ ಹುರಿಯದೆ ಹಾಕಿದ್ದೀರಿ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ನೀರಿಗೆ ಹಸಿ ಹೋಳು ಎಷ್ಟು ಹಾಕಿದರೂ ಹೋಳು ಕೆಂಪಗಿರುತ್ತದೆ, ರಸ ಮಂಕಾಗಿರುತ್ತದೆ.

ಬಾಣಲೆಯಲ್ಲಿ ಒಂದೂವರೆ ಚಮಚ ಎಣ್ಣೆ, ಈರುಳ್ಳಿ, ಆಮೇಲೆ ಟೊಮೆಟೊ, ಒಂದು ಚಿಟಿಕೆ ಉಪ್ಪು. ಉಪ್ಪು ಬಿದ್ದರೆ ಟೊಮೆಟೊ ಬೇಗ ನೀರು ಬಿಡುತ್ತದೆ. ಮೊದಲು ಎಲ್ಲ ನೀರುನೀರಾಗುತ್ತದೆ. ಇಲ್ಲೇ ನಿಲ್ಲಿಸಿಬಿಡುತ್ತಾರೆ ಹೆಚ್ಚಿನವರು. ಇನ್ನೂ ಹುರಿಯಿರಿ. ನೀರು ಆರಿ ಗೊಜ್ಜಿನ ಹದಕ್ಕೆ ಬಂದು, ಅಂಚಿನಲ್ಲಿ ಎಣ್ಣೆ ಬೇರೆಯಾಗುತ್ತದೆ. ಆ ಎಣ್ಣೆ ಹಳದಿಯಾಗಿದ್ದರೆ ಇನ್ನೂ ಆಗಿಲ್ಲ. ಕಿತ್ತಳೆ ಆಗಿದ್ದರೆ ಆಯಿತು. ನನ್ನ ಒಲೆಯಲ್ಲಿ 8ರಿಂದ 10 ನಿಮಿಷ ಹಿಡಿಯುತ್ತದೆ. ತಳ ಹಿಡಿಯಲು ಮಾತ್ರ ಬಿಡಬೇಡಿ. ಸೂಪ್ ಕಹಿಯಾದರೆ ಕಾರಣ ಈ ಬಾಣಲೆಯ ತಳದಲ್ಲೇ ಸಿಗುತ್ತದೆ.

ಬಾಣಲೆ ಕಬ್ಬಿಣದ್ದಾದರೆ ಬೇರೆ ತೊಂದರೆ. ಟೊಮೆಟೊದ ಹುಳಿ ಕಬ್ಬಿಣವನ್ನು ತಿಂದು ಗೊಜ್ಜು ಕಪ್ಪಾಗುತ್ತದೆ, ರಸಕ್ಕೆ ಲೋಹದ ರುಚಿ. ಅಲ್ಯೂಮಿನಿಯಂ ಪಾತ್ರೆಗೂ ಇದೇ ಮಾತು. ಸ್ಟೀಲ್ ಬಳಸಿ. ಮಣ್ಣಿನ ಮಡಕೆ ಇದ್ದರೆ ಇನ್ನೂ ಒಳ್ಳೆಯದು. ಪೋಪೋ ಮಾಡುತ್ತಿದ್ದುದೂ ಮಣ್ಣಿನ ಪಾತ್ರೆಯಲ್ಲೇ.

ಹುಳಿ ಜಾಸ್ತಿ, ಅಥವಾ ಸಪ್ಪೆ

ಇಲ್ಲಿ ಊಹೆ ಮಾಡಬೇಡಿ, ಪರೀಕ್ಷೆ ಮಾಡಿ. ಮೂರು ಚಿಕ್ಕ ಬಟ್ಟಲುಗಳಿಗೆ ಎರಡೆರಡು ಚಮಚ ರಸ ಹಾಕಿ. ಒಂದಕ್ಕೆ ಏನೂ ಬೇಡ. ಒಂದಕ್ಕೆ ನಾಲ್ಕು ಕಾಳು ಉಪ್ಪು. ಇನ್ನೊಂದಕ್ಕೆ ನಾಲ್ಕು ಕಾಳು ಸಕ್ಕರೆ. ಸ್ವಲ್ಪ ಆರಿದ ಮೇಲೆ ಕುಡಿದು ನೋಡಿ, ಸುಡುಬಿಸಿಯಲ್ಲಿ ನಾಲಿಗೆಗೆ ಸರಿಯಾಗಿ ಗೊತ್ತಾಗುವುದಿಲ್ಲ. ಉಪ್ಪಿನ ಬಟ್ಟಲಿನಲ್ಲಿ ಮಾಂಸದ ರುಚಿ ಎದ್ದು ಬಂದರೆ ಸೂಪ್‌ಗೆ ಬೇಕಾದದ್ದು ಉಪ್ಪು, ಅಷ್ಟೆ. ಸಕ್ಕರೆಯದು ಚೆನ್ನಾಗಿದ್ದರೆ ಟೊಮೆಟೊ ಹಣ್ಣಾಗಿರಲಿಲ್ಲ. ಎರಡರಿಂದಲೂ ಏನೂ ಆಗದಿದ್ದರೆ ನೀರು ಜಾಸ್ತಿಯಾಗಿದೆ ಅಥವಾ ಮೂಳೆ ಸಾಕಷ್ಟು ಬೆಂದಿಲ್ಲ. ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಬತ್ತಿಸಿ. ಉಪ್ಪನ್ನು ಕೊನೆಗೆ ಇಡುವುದು ಇದಕ್ಕೇ. ಮೊದಲೇ ಹಾಕಿದ್ದರೆ ರಸ ಬತ್ತಿದಷ್ಟೂ ಉಪ್ಪು ಏರುತ್ತಾ ಹೋಗುತ್ತದೆ.

ಟೊಮೆಟೊ ಆರಿಸುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನಗೆ ಅದು ಮುಖ್ಯ. ನಮ್ಮ ಮಾರುಕಟ್ಟೆಯಲ್ಲಿ ನಾಟಿ, ಹೈಬ್ರಿಡ್ ಅಂತ ಎರಡು ಗುಡ್ಡೆ ಇರುತ್ತವೆ. ನಾಟಿಗೆ ತೆಳು ಸಿಪ್ಪೆ, ರಸ ಜಾಸ್ತಿ, ಹುಳಿ ಜಾಸ್ತಿ. ಹೈಬ್ರಿಡ್‌ಗೆ ದಪ್ಪ ತಿರುಳು, ಹುಳಿ ಕಡಿಮೆ. ಹಾಂಗ್‌ಕಾಂಗ್‌ನ ಅಳತೆಯಲ್ಲಿ ಬರೀ ನಾಟಿ ಹಾಕಿದರೆ ಹುಳಿ ಹೊಡೆಯುತ್ತದೆ. ಬರೀ ಹೈಬ್ರಿಡ್ ಹಾಕಿದರೆ ಸಪ್ಪೆ. ನಾನು ಮೂರು ಪಾಲು ಹೈಬ್ರಿಡ್ ಹುರಿಯಲು, ಒಂದು ಪಾಲು ನಾಟಿ ಕೊನೆಗೆ ಹಾಕಲು ಇಟ್ಟುಕೊಳ್ಳುತ್ತೇನೆ. ತೊಟ್ಟಿನ ಹತ್ತಿರ ಹಸಿರು ಇರುವುದನ್ನು ಎರಡು ದಿನ ಹೊರಗೇ ಇಟ್ಟು ಹಣ್ಣು ಮಾಡಿ. ಫ್ರಿಜ್‌ನಲ್ಲಿಟ್ಟರೆ ಹಣ್ಣಾಗುವುದು ನಿಂತುಹೋಗುತ್ತದೆ.

ಬೀಜದ ಸುತ್ತ ಇರುವ ಲೋಳೆಯನ್ನು ಬಿಸಾಡಬೇಡಿ. ರುಚಿ ಕೊಡುವ ಗ್ಲುಟಮೇಟ್ ಹೊರಗಿನ ತಿರುಳಿಗಿಂತ ಅಲ್ಲೇ ಜಾಸ್ತಿ. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಕಡಲಕಳೆಯ ರಸದಿಂದ ಬೇರೆ ಮಾಡಿ ತೋರಿಸಿದ್ದು ಇದನ್ನೇ, ಅವರು ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಹಂದಿಮಾಂಸದಲ್ಲಿ ಇನೊಸಿನೇಟ್ ಅನ್ನುವ ಇನ್ನೊಂದು ಇದೆ. ಎರಡೂ ಒಟ್ಟಿಗೆ ಸೇರಿದರೆ ರುಚಿ ಬರೀ ಕೂಡಿದಷ್ಟೇ ಆಗುವುದಿಲ್ಲ, ಹಲವು ಪಟ್ಟು ಏರುತ್ತದೆ. ಮಸಾಲೆ ಏನೂ ಇಲ್ಲದ ಈ ಸೂಪ್ ಇಷ್ಟು ತುಂಬಿಕೊಂಡ ಹಾಗಿರುವುದು ಅದಕ್ಕೇ.

ಟೊಮೆಟೊಗೆ ಕ್ಯಾಂಟೊನೀಸ್‌ನಲ್ಲಿ 'ಫಾನ್ ಕೇ' ಅನ್ನುತ್ತಾರೆ. ಹೊರಗಿನಿಂದ ಬಂದ ಬದನೆ ಅಂತ ಅರ್ಥ. ನಮ್ಮಲ್ಲೂ ಹಳಬರು ಇದನ್ನು ಚಪ್ಪರಬದನೆ ಅನ್ನುತ್ತಿದ್ದರು. ಅವ್ವ ಇದನ್ನು ಕೇಳಿ ತುಂಬ ಖುಷಿಪಟ್ಟರು. ಎಲ್ಲೆಲ್ಲಿಯ ಜನ, ಇಬ್ಬರಿಗೂ ಕಂಡದ್ದು ಬದನೆಯೇ.

ಮಾಂಸ ಗಟ್ಟಿ, ಮಾಂಸ ನಾರು

ಇವು ಎರಡು ಬೇರೆ ಬೇರೆ ತೊಂದರೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಹಲ್ಲಿಗೆ ರಬ್ಬರಿನ ಹಾಗೆ ಸಿಕ್ಕಿ, ಮೂಳೆ ಬಿಟ್ಟು ಬರದಿದ್ದರೆ ಇನ್ನೂ ಬೆಂದಿಲ್ಲ. ಮೂಳೆ ತಾನಾಗಿ ಕಳಚಿ, ಬಾಯಲ್ಲಿ ಹುರಿಹುರಿಯಾಗಿ ಒಣಗಿದ ಹಾಗಿದ್ದರೆ ಬೆಂದು ಹೆಚ್ಚಾಗಿದೆ. ಎಳೆಗಳನ್ನು ಹಿಡಿದಿರುವ ಕೊಲಾಜೆನ್ ನಿಧಾನವಾಗಿ ಜೆಲಟಿನ್ ಆಗಿ ಕರಗುವವರೆಗೆ ಮಾಂಸ ಗಟ್ಟಿಯೇ. ಕರಗಿದ ಮೇಲೂ ಕುದಿಸುತ್ತಾ ಹೋದರೆ ಎಳೆಗಳು ಒಳಗಿನ ರಸವನ್ನೆಲ್ಲ ಬಿಟ್ಟುಕೊಡುತ್ತವೆ. ಮೂಳೆಯ ತುದಿ ನೋಡಿ. ಮಾಂಸ ಅರ್ಧ ಬೆರಳಿನ ಅಗಲದಷ್ಟು ಹಿಂದೆ ಸರಿದು ಬಿಳಿ ಮೂಳೆ ಕಂಡರೆ ಹದ ಬಂದಿದೆ.

ಪೂರ್ತಿ ಬೆಂದು ಮೆತ್ತಗಿದ್ದೂ ಮಾಂಸ ಸಪ್ಪೆ ಅನ್ನಿಸಿದರೆ ಅದು ದೋಷವಲ್ಲ. ರುಚಿ ರಸಕ್ಕೆ ಇಳಿದಿದೆ, ಇಳಿಯಬೇಕಾದದ್ದೇ. ಹಾಂಗ್‌ಕಾಂಗ್‌ನಲ್ಲಿ ತುಂಡುಗಳನ್ನು ಬೇರೆ ತಟ್ಟೆಗೆ ತೆಗೆದು, ಸೋಯಾ ಸಾಸ್‌ನಲ್ಲಿ ಅದ್ದಿ ಅನ್ನದ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಸೋಯಾ ಸಾಸ್‌ಗೆ ಗಾಂಧಾರಿ ಮೆಣಸು ಜಜ್ಜಿ ಹಾಕುತ್ತೇವೆ.

ಕುಕ್ಕರ್‌ನಲ್ಲಿ ಮಾಡುವವರಿಗೆ

ಮಾಡಬಹುದು, ಆದರೆ ಪಕ್ಕೆಲುಬು ಮಾತ್ರ. ಕುಕ್ಕರ್ ಒಳಗೆ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಸಾಕು. ಆವಿ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಆವಿ ಬಿಟ್ಟರೆ ಒಳಗಿನ ರಸ ಒಮ್ಮೆಲೇ ಕೊತಕೊತ ಕುದಿದು ಮಸುಕಾಗುತ್ತದೆ, ಮೊದಲ ಕುದಿಯಲ್ಲಿ ಪಟ್ಟ ಶ್ರಮ ವ್ಯರ್ಥ. ಮುಚ್ಚಳ ತೆಗೆದ ಮೇಲೆ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಆಲೂಗಡ್ಡೆ, ಆಮೇಲೆ ಟೊಮೆಟೊ. ನಡುವೆ ನೀರು ಬೇಕಾದರೆ ಬಿಸಿನೀರೇ ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ಹೊತ್ತಿನ ಲೆಕ್ಕವೆಲ್ಲ ತಪ್ಪುತ್ತದೆ.

ಮರುದಿನ

ಫ್ರಿಜ್‌ನಿಂದ ತೆಗೆದರೆ ಸೂಪ್ ಹಲ್ವದ ಹಾಗೆ ಅಲುಗಾಡುತ್ತಿರುತ್ತದೆ. ಹೆದರಬೇಡಿ. ಮೂಳೆಯಿಂದ ಬಂದ ಜೆಲಟಿನ್ ಅದು, ಚೆನ್ನಾಗಿ ಬೆಂದಿದೆ ಅಂತ ಅರ್ಥ. ಮೇಲೆ ಕಟ್ಟಿದ ಕಿತ್ತಳೆ ಬಣ್ಣದ ಕೊಬ್ಬನ್ನು ಚಮಚದಿಂದ ಎತ್ತಿ ಬೇರೆ ಇಟ್ಟುಕೊಳ್ಳಿ, ಮೊಟ್ಟೆ ಹುರಿಯಲು ಬಹಳ ಚೆನ್ನಾಗಿರುತ್ತದೆ. ಆದರೆ ಗುಳ್ಳೆ ಏಳುತ್ತಿದ್ದರೆ, ಟೊಮೆಟೊದ್ದಲ್ಲದ ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ. ಅಗಲ ಬಾಯಿಯ ಎರಡು ಡಬ್ಬಕ್ಕೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಫ್ರಿಜ್‌ಗೆ ಇಡಿ.

ಮತ್ತೆ ಬಿಸಿ ಮಾಡುವಾಗ ಮೊದಲು ಸೂಪ್ ಚೆನ್ನಾಗಿ ಕುದಿಯಲಿ. ಒಂದು ನಾಟಿ ಟೊಮೆಟೊ ಹೆಚ್ಚಿ ಪಕ್ಕದಲ್ಲಿ ಇಟ್ಟುಕೊಂಡಿರಿ. ಒಲೆ ಆರಿಸುವುದಕ್ಕೆ ಎರಡು ನಿಮಿಷ ಮೊದಲು ಅದನ್ನು ಹಾಕಿ.